ಯುಗದ ಸಮಾಪ್ತಿ: ಕನಕಪುರ ಸೀಮೆಯ ಕ್ರೈಸ್ತರಲ್ಲಿ ಲೋಕಾಂತ್ಯದ ಕಲ್ಪನೆ

ಕನ್ನಡ ಸತ್ಯವೇದದಲ್ಲಿ ‘ಪ್ರಳಯ’ ಎಂಬ ಮಾತು ಎಂದೋ ಮುಗಿದುಹೋದ ಘಟನೆಗೆ ಸಲ್ಲುತ್ತದೆ. ನೋಹನ ಕಾಲದ ಮಹಾನೆರೆಗೆ ಅನುವಾದಕರು ‘ಜಲಪ್ರಳಯ’ ಎಂದರು. ಲೋಕದ ಕೊನೆ ಯಾವಾಗ ಎಂದು ಶಿಷ್ಯರು ಯೇಸುವನ್ನು ಕೇಳುವ ಮತ್ತಾಯನ 24ನೆಯ ಅಧ್ಯಾಯದ ಪ್ರಶ್ನೆಯಲ್ಲಿ ಮಾತ್ರ ಅವರು ಆ ಪದವನ್ನು ಮುಟ್ಟಲಿಲ್ಲ. ಅಲ್ಲಿ ಬಂದದ್ದು ‘ಯುಗದ ಸಮಾಪ್ತಿ’. ಪುರಾಣದ ಪ್ರಳಯ ಮರಳಿ ಮರಳಿ ಬರುವಂಥದ್ದು. 432 ಕೋಟಿ ವರ್ಷಗಳ ಒಂದು ಕಲ್ಪ ಮುಗಿದರೆ ಇನ್ನೊಂದು ಸೃಷ್ಟಿಗೆ ದಾರಿಯಾಗುತ್ತದೆ. ಕ್ರೈಸ್ತರ ಕಾಲ ಹಾಗೆ ಸುತ್ತು ಹಾಕುವುದಿಲ್ಲ, ಹೊಳೆಯಂತೆ ಒಂದೇ ದಿಕ್ಕಿಗೆ ಹರಿಯುತ್ತದೆ. ‘ಯುಗ’ವೂ ಪುರಾಣದಿಂದಲೇ ಬಂದ ಪದ, ನಿಜ. ಆದರೆ ಗ್ರೀಕ್ ಮೂಲದ ‘ಅಯೋನ್’ ಎಂಬುದಕ್ಕೆ ಕಾಲಾವಧಿ, ಯುಗ ಎಂಬುದೇ ಹತ್ತಿರದ ಅರ್ಥ. 1611ರ ಇಂಗ್ಲಿಷ್ ಬೈಬಲ್ ಅದನ್ನು ‘ಲೋಕ’ವೆಂದು ಮಾಡಿದ್ದರಿಂದ, ಲೋಕವೇ ಇಲ್ಲವಾಗುವ ಚಿತ್ರ ಇಂಗ್ಲಿಷ್ ಓದುಗರ ಮನಸ್ಸಿನಲ್ಲಿ ಬೇರೂರಿತು. ಈ ಒಂದು ಜಾಗದಲ್ಲಿ ಕನ್ನಡವೇ ಮೂಲಕ್ಕೆ ಹತ್ತಿರ ನಿಂತಿದೆ ಎಂದು ನನಗೆ ತೋರುತ್ತದೆ.

ಈ ನುಡಿಯ ಹಿಂದೆ ಒಂದು ಸೀಮೆಯ ಬದುಕೂ ಇದೆ. ಇಟಲಿಯ ಜೆಸ್ವಿತ್ ಪಾದ್ರಿ ಲಿಯೊನಾರ್ದೊ ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ ತೆರೆದದ್ದು 1640ರ ದಶಕದ ಕೊನೆಯಲ್ಲಿ. ಅಲ್ಲಿಂದ ಅರ್ಕಾವತಿ ಬಯಲಿಗೆ ದೂರವೇನಿಲ್ಲ. ಇಂದಿನ ಕನಕಪುರ, ಅಂದಿನ ಕಾನಕಾನಹಳ್ಳಿಯ ಆಸುಪಾಸಿನಲ್ಲಿ ಹಳೆಯ ಕಥೋಲಿಕ ನೆಲೆಗಳು ಬೆಳೆದವು. ಹಾರೋಬೆಲೆ ಅವುಗಳಲ್ಲಿ ಹೆಸರಾದ ಊರು. 1773ರಲ್ಲಿ ರೋಮು ಜೆಸ್ವಿತ್ ಸಂಘವನ್ನು ವಿಸರ್ಜಿಸಿದ ಮೇಲೆ ಈ ಮಿಷನ್ ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಘದ ಪಾದ್ರಿಗಳ ಕೈಗೆ ಬಂತು. ಆ ಸಂಘದ ಅಬ್ಬೆ ದುಬುವಾ 1799ರಲ್ಲಿ ಟಿಪ್ಪು ಮಡಿದ ನಂತರ ಮೈಸೂರು ಸೀಮೆಗೆ ಬಂದು, ಚದುರಿಹೋಗಿದ್ದ ಕ್ರೈಸ್ತ ಒಕ್ಕಲನ್ನು ಮತ್ತೆ ಕೂಡಿಸಲು ಹೆಣಗಿ, 1823ರಲ್ಲಿ ಊರಿಗೆ ಮರಳಿದ. ಮತಾಂತರದ ಬಗ್ಗೆ ಅವನು ಆ ವೇಳೆಗೆ ಪೂರಾ ನಿರಾಶನಾಗಿದ್ದ. ಅವನ ನಿರಾಶೆ ಈ ಊರುಗಳನ್ನು ಅಳಿಸಲಿಲ್ಲ.

ಈ ಪಾದ್ರಿಗಳು ಕಲಿಸಿದ ಧರ್ಮೋಪದೇಶದಲ್ಲಿ ಕೊನೆಯ ಸಂಗತಿಗಳು ನಾಲ್ಕು: ಮರಣ, ತೀರ್ಪು, ಮೋಕ್ಷ, ನರಕ. ಇದರಲ್ಲಿ ದಿನಾಂಕವಿಲ್ಲ, ಯುದ್ಧವಿಲ್ಲ, ಲೆಕ್ಕಾಚಾರವಿಲ್ಲ. ಮೊದಲ ಕೊನೆ ಪ್ರತಿಯೊಬ್ಬನ ಸಾವು. ಲೋಕದ ಕೊನೆ ಅದರ ಹಿಂದೆ ಬರುವಂಥದ್ದು. ಹುಟ್ಟುಸಾವಿನ ಚಕ್ರದಿಂದ ಬಿಡುಗಡೆ ಎಂಬ ಅರ್ಥದ ‘ಮೋಕ್ಷ’ವನ್ನು ಹಳೆಯ ಕಥೋಲಿಕ ಜಪಗಳು ದೇವರ ಸನ್ನಿಧಿಗೆ ಹೆಸರಾಗಿ ಬಳಸಿದವು, ಪ್ರೊಟೆಸ್ಟೆಂಟ್ ಸತ್ಯವೇದ ‘ಪರಲೋಕ’ವನ್ನು ಆರಿಸಿತು. ಸಾವಿಗೂ ಮೋಕ್ಷಕ್ಕೂ ನಡುವೆ ಆತ್ಮ ಶುದ್ಧಿಗೊಳ್ಳುವ ನೆಲೆಗೆ ‘ಉತ್ತರಿಸುವ ಸ್ಥಳ’ ಎಂದರು. ಇದಕ್ಕೆ ತಮಿಳು ಕಥೋಲಿಕರ ಮಾತಿನ ನಂಟಿದೆ. ಆದರೂ ಕನ್ನಡದ ಕಿವಿಗೆ ‘ಉತ್ತರಿಸು’ ಎಂದರೆ ಜವಾಬು ಕೊಡುವುದೂ ಹೌದು, ಹಳಗನ್ನಡದಲ್ಲಿ ದಾಟುವುದೂ ಹೌದು. ಲೆಕ್ಕ ಒಪ್ಪಿಸುತ್ತಾ ಹೊಳೆ ದಾಟುವ ಜಾಗ! ಪಂಡಿತರು ಕೂತು ಹುಡುಕಿದರೂ ಇದಕ್ಕಿಂತ ಒಳ್ಳೆಯ ಪದ ಸಿಗುತ್ತಿತ್ತೇ ಎಂದು ನನಗೆ ಅನುಮಾನ. ನವೆಂಬರ್ 2ರಂದು ಸಮಾಧಿಗಳ ಸುತ್ತ ಹುಲ್ಲು ಕಿತ್ತು, ಸುಣ್ಣ ಬಳಿದು, ಹೂವಿಟ್ಟು, ಮೇಣದಬತ್ತಿ ಹಚ್ಚುವವರ ಮನಸ್ಸಿನಲ್ಲಿ ಇರುವುದು ಈ ದಾಟುವಿಕೆಯೇ.

ಹಾರೋಬೆಲೆಯ ಶುಭ ಶುಕ್ರವಾರವನ್ನು ಇದೇ ಬೆಳಕಿನಲ್ಲಿ ನೋಡಬೇಕು. ಶತಮಾನ ದಾಟಿದ ಅಲ್ಲಿನ ಯೇಸುವಿನ ಪಾಡಿನ ನಾಟಕಕ್ಕೆ ಜನ ‘ಮಹಿಮೆ’ ಎನ್ನುತ್ತಾರೆ. ಹತ್ತಿರದ ಬೆಟ್ಟಕ್ಕೆ ಕಪಾಲಬೆಟ್ಟ ಎಂಬ ಹೆಸರು. ಯೇಸುವನ್ನು ಶಿಲುಬೆಗೇರಿಸಿದ ಗೊಲ್ಗೊಥಾ ಎಂಬುದರ ಅರ್ಥವೂ ಕಪಾಲವೇ. 2019ರ ಡಿಸೆಂಬರಿನಲ್ಲಿ 114 ಅಡಿಯ ಯೇಸುವಿನ ಪ್ರತಿಮೆ ನಿಲ್ಲಿಸುವ ವಿಚಾರವಾಗಿ ಈ ಬೆಟ್ಟದ ಹೆಸರು ರಾಜ್ಯಕ್ಕೆಲ್ಲ ತಿಳಿಯಿತು. ಆ ಗದ್ದಲಕ್ಕಿಂತ ಬಹಳ ಹಳೆಯದು ಅದರ ಭಕ್ತಿ. ಯೇಸು ಪ್ರಾಣ ಬಿಟ್ಟ ಗಳಿಗೆಯನ್ನು ಮತ್ತಾಯ ಹೇಗೆ ಬರೆದಿದ್ದಾನೆ ನೋಡಿ: ಮಟಮಟ ಮಧ್ಯಾಹ್ನದಲ್ಲಿ ಕತ್ತಲು, ಭೂಕಂಪ, ಬಿರಿದ ಬಂಡೆಗಳು, ತೆರೆದ ಸಮಾಧಿಗಳು. ಇವೆಲ್ಲ ಯೆಹೂದ್ಯರ ಪ್ರವಾದಿಗಳು ಕಡೆಯ ದಿನಕ್ಕೆಂದು ಹೇಳಿದ್ದ ಗುರುತುಗಳು. ಸುವಾರ್ತೆಗಾರನ ಪ್ರಕಾರ ಲೋಕದ ಕೊನೆ ಆ ಶುಕ್ರವಾರವೇ ಶುರುವಾಗಿದೆ. ಕನಕಪುರ ಸೀಮೆಯ ಕಥೋಲಿಕರು ಲೋಕಾಂತ್ಯವನ್ನು ಪಂಚಾಂಗದಲ್ಲಿ ಹುಡುಕದೆ ಶಿಲುಬೆಯ ಬುಡದಲ್ಲಿ ಕಂಡರು ಎಂಬುದು ನನ್ನ ವಾದ.

ನೆರೆಹೊರೆಯಲ್ಲಿ ಭವಿಷ್ಯದ ಮಾತು ಇರಲಿಲ್ಲವೆಂದಲ್ಲ. ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರ ಹಲಗೂರು ಸೀಮೆ ಕನಕಪುರಕ್ಕೆ ಆತುಕೊಂಡೇ ಇದೆ. ಕಾಲಜ್ಞಾನದ ನುಡಿ ಇಲ್ಲಿ ಯಾರಿಗೂ ಹೊಸದಲ್ಲ. 1876ರಿಂದ 78ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರ ಕಾಲಜ್ಞಾನವನ್ನೂ ಮೀರಿಸಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ 42 ಲಕ್ಷದೊಳಗೆ ಇಳಿಯಿತು. ತಕ್ಕಡಿ ಹಿಡಿದು ಕಾಳನ್ನು ದುಬಾರಿ ಬೆಲೆಗೆ ಅಳೆಯುವ ಕಪ್ಪು ಕುದುರೆಯ ಸವಾರನೊಬ್ಬ ಬೈಬಲಿನ ‘ಪ್ರಕಟನೆ’ ಗ್ರಂಥದಲ್ಲಿ ಬರುತ್ತಾನೆ. ಆ ಎರಡು ವರ್ಷ ಬದುಕಿ ಉಳಿದವರಿಗೆ ಅವನ ಅರ್ಥವನ್ನು ಯಾರೂ ವಿವರಿಸಬೇಕಿರಲಿಲ್ಲ.

ದಿನಾಂಕ ಮತ್ತು ಘಟ್ಟಗಳ ಲೋಕಾಂತ್ಯ ಬಂದದ್ದು ಬೇರೆ ದಾರಿಯಲ್ಲಿ. ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ದುಡಿದ ಕನ್ನಡ ಬೈಬಲ್ 1831ರಲ್ಲಿ ಪೂರ್ಣಗೊಂಡ ಮೇಲೆ ‘ಪ್ರಕಟನೆ’ ಓದುಬಲ್ಲ ಸಾಮಾನ್ಯರ ಕೈಗೆ ಸಿಕ್ಕಿತು. ಅದೇ ಕಾಲಕ್ಕೆ ಬ್ರಿಟನ್ನಿನಲ್ಲಿ ಜಾನ್ ನೆಲ್ಸನ್ ಡಾರ್ಬಿ ಚರಿತ್ರೆಯನ್ನು ಘಟ್ಟಗಳಾಗಿ ಸೀಳಿ, ಸಭೆ ಮೇಲಕ್ಕೆ ಎತ್ತಲ್ಪಡುವುದು, ಮಹಾಸಂಕಟ, ಸಾವಿರ ವರ್ಷದ ಆಳ್ವಿಕೆ ಎಂಬ ಕ್ರಮವನ್ನು ಕಟ್ಟುತ್ತಿದ್ದ. 1909ರ ಸ್ಕೋಫೀಲ್ಡ್ ಬೈಬಲಿನ ಅಡಿಟಿಪ್ಪಣಿಗಳು ಅದನ್ನು ಲೋಕಕ್ಕೆಲ್ಲ ಹಬ್ಬಿಸಿದವು. ಇಂದು ರಾಮನಗರ, ಚನ್ನಪಟ್ಟಣದಂಥ ಪಟ್ಟಣಗಳ ಪೆಂತೆಕೊಸ್ತ್ ಪ್ರಾರ್ಥನಾ ಕೂಟಗಳಲ್ಲಿ ‘ಎರಡನೆಯ ಬರೋಣ’ ಎಂದು ಕೇಳಿಬರುವ ಪ್ರಸಂಗದ ಬೇರು ಅಲ್ಲಿದೆ. ಕಥೋಲಿಕ ಸಭೆ ಇದನ್ನು ಒಪ್ಪಲಿಲ್ಲ. ಸಾವಿರ ವರ್ಷವೆಂಬುದು ಸಭೆಯ ಕಾಲಕ್ಕೆ ಸಂಕೇತ ಎಂದು 5ನೆಯ ಶತಮಾನದಲ್ಲೇ ಸಂತ ಆಗಸ್ಟೀನ್ ಬರೆದಿದ್ದ. ಕ್ರಿಸ್ತ ಕಣ್ಣಿಗೆ ಕಾಣುವಂತೆ ಭೂಮಿಯ ಮೇಲೆ ಅರಸನಾಗಿ ಆಳುತ್ತಾನೆಂಬ ಬೋಧನೆ ಸುರಕ್ಷಿತವಲ್ಲವೆಂದು 1944ರಲ್ಲಿ ರೋಮು ತೀರ್ಮಾನಿಸಿತು. ಎರಡೂ ಕಡೆಯವರು ತಲೆಬಾಗುವ ವಚನವೊಂದಿದೆ: ಆ ದಿನ, ಆ ಗಳಿಗೆ ಮಗನಿಗೂ ತಿಳಿಯದು, ತಂದೆಗೆ ಮಾತ್ರ ಗೊತ್ತು ಎಂಬ ಮಾರ್ಕನ 13ನೆಯ ಅಧ್ಯಾಯದ ಮಾತು.

ಇನ್ನು ವಿಶ್ವದ ಸಹಜ ಅಂತ್ಯ. ರಾಮನಗರದ ಬಂಡೆಯೊಂದರ ಹೊಸ ಒಡಕನ್ನು ಹತ್ತಿರದಿಂದ ನೋಡಿದರೆ ಹೆಬ್ಬೆರಳ ಉಗುರಿನಷ್ಟು ದೊಡ್ಡ ನಸುಗೆಂಪು ಹರಳುಗಳು ಕಾಣುತ್ತವೆ. ಊರಿನ ಹಳೆಯ ಹೆಸರಾದ ಕ್ಲೋಸ್‌ಪೇಟೆಯೇ ಈ ಗ್ರಾನೈಟಿನ ಹೆಸರು. ಮಾಗಡಿಯ ಸಾವನದುರ್ಗವೂ ಇದರದ್ದೇ. ವಯಸ್ಸು ಸುಮಾರು 250 ಕೋಟಿ ವರ್ಷ. ಇನ್ನು ನೂರು ಕೋಟಿ ವರ್ಷಗಳ ಹೊತ್ತಿಗೆ ಸೂರ್ಯನ ಕಾವು ಏರಿ ಕಡಲುಗಳು ಬತ್ತತೊಡಗುತ್ತವೆ. 500 ಕೋಟಿ ವರ್ಷ ಕಳೆದರೆ ಸೂರ್ಯನೇ ಉಬ್ಬಿ ಕೆಂಪು ದೈತ್ಯನಾಗುತ್ತಾನೆ. 1380 ಕೋಟಿ ವರ್ಷದ ವಿಶ್ವ ದಿನೇ ದಿನೇ ವೇಗವಾಗಿ ಹಿಗ್ಗುತ್ತಿದೆ ಎಂದು 1998ರಲ್ಲಿ ತಿಳಿದುಬಂತು. ಹೀಗೇ ನಡೆದರೆ ಕೊನೆಗೆ ಉಳಿಯುವುದು ಬೆಂಕಿಯಲ್ಲ, ಥಂಡಿ ಮತ್ತು ಕತ್ತಲು. ಶಕ್ತಿಯ ಈ ಸವೆತವನ್ನು 1852ರಲ್ಲಿ ಮಂಡಿಸಿದ, ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದ ವಿಜ್ಞಾನಿ ದೈವಭಕ್ತ. ಭೂಮಿ ಹಳತಾಗುತ್ತದೆಂಬ ಬೈಬಲಿನ ಮಾತು ಅವನ ಕರಡಿನಲ್ಲಿ ನುಸುಳಿತ್ತು. ಹಿಗ್ಗುವ ವಿಶ್ವವನ್ನು 1927ರಲ್ಲಿ ಲೆಕ್ಕ ಹಾಕಿ ತೋರಿಸಿದ ಜಾರ್ಜ್ ಲೆಮೆತ್ರ್ ಸ್ವತಃ ಕಥೋಲಿಕ ಪಾದ್ರಿ. 1951ರಲ್ಲಿ ಪೋಪ್ ಹನ್ನೆರಡನೆಯ ಪಿಯುಸ್ ಆ ಸಿದ್ಧಾಂತವನ್ನು ಸೃಷ್ಟಿಗೆ ಸಾಕ್ಷಿಯೆಂಬಂತೆ ಹೊಗಳಿದಾಗ ಲೆಮೆತ್ರ್‌ಗೆ ಹಿಡಿಸಲಿಲ್ಲ. ವಿಜ್ಞಾನದ ಲೆಕ್ಕ ವಿಜ್ಞಾನದ್ದು, ವಿಶ್ವಾಸದ ನೆಲೆ ಬೇರೆ ಎಂಬುದು ಅವನ ನಿಲುವು. ಅದು ಸರಿ ಎಂದೇ ನಾನು ಭಾವಿಸುತ್ತೇನೆ. ಆದರೂ ‘ಪ್ರಕಟನೆ’ಯ ಹೊಸ ಆಕಾಶ, ಹೊಸ ಭೂಮಿಯ ನಿರೀಕ್ಷೆಯನ್ನು ಆ ಥಂಡಿ ಕತ್ತಲಿನ ಎದುರು ಇಟ್ಟು ನೋಡುವ ಕೆಲಸ ದೈವಶಾಸ್ತ್ರಕ್ಕೆ ಉಳಿದೇ ಇದೆ. ಭೌತವಿಜ್ಞಾನಿಯೂ ಪಾದ್ರಿಯೂ ಆಗಿದ್ದ ಜಾನ್ ಪೋಕಿಂಗ್‌ಹಾರ್ನ್ 2002ರಲ್ಲಿ ಇದಕ್ಕೇ ಒಂದು ಪುಸ್ತಕ ಮೀಸಲಿಟ್ಟ.

ಶುಭ ಶುಕ್ರವಾರ ಕಳೆದು ಶನಿವಾರ ರಾತ್ರಿ ಗುಡಿಯ ದೀಪಗಳನ್ನೆಲ್ಲ ಆರಿಸುತ್ತಾರೆ. ಹೊರಗೆ ಹೊಸದಾಗಿ ಹೊತ್ತಿಸಿದ ಬೆಂಕಿಯ ಬಳಿ ಗುರುಗಳು ಪಾಸ್ಕದ ದೊಡ್ಡ ಮೇಣದಬತ್ತಿಯ ಮೇಲೆ ಶಿಲುಬೆಯನ್ನು ಗೀರಿ, ಅದರ ಮೇಲೆ ಗ್ರೀಕಿನ ಮೊದಲಕ್ಷರ, ಕೆಳಗೆ ಕಡೆಯಕ್ಷರವನ್ನು ಮೂಡಿಸುತ್ತಾರೆ. ಆದಿಯೂ ಅಂತ್ಯವೂ ಕ್ರಿಸ್ತನೇ ಎಂಬ ಆ ಎರಡಕ್ಷರ ಬಂದಿರುವುದು ‘ಪ್ರಕಟನೆ’ಯಿಂದ. ಶಿಲುಬೆಯ ನಾಲ್ಕು ಮೂಲೆಗಳಲ್ಲಿ ನಡೆಯುತ್ತಿರುವ ವರ್ಷದ ನಾಲ್ಕು ಅಂಕಿಗಳನ್ನು ಒಂದೊಂದಾಗಿ ಕೊರೆಯುತ್ತಾರೆ. ಆಮೇಲೆ ಬತ್ತಿ ಹಚ್ಚಿ ಕತ್ತಲ ಗುಡಿಯೊಳಕ್ಕೆ ನಡೆಯುತ್ತಾರೆ.