ಟೂಸಾನ್ ಬಿತ್ತನೆ ಮತ್ತು ಕೆಂಪು ಬ್ರೋಮ್: ಒಂದು ದಾಖಲೆಯ ಮರುಪರಿಶೀಲನೆ

ಅರಿಜೋನಾದ ಟೂಸಾನ್ ಬಳಿ 1906ರಿಂದ 1908ರವರೆಗೆ ಅಲ್ಲಿನ ವಿಶ್ವವಿದ್ಯಾಲಯದವರು ಕೆಂಪು ಬ್ರೋಮ್ (ಬ್ರೋಮಸ್ ರೂಬೆನ್ಸ್) ಹುಲ್ಲನ್ನು ಮೇವಿಗೆಂದು ಬಿತ್ತಿ ನೋಡಿದರು. ಮೊಹಾವಿ, ಸೊನೋರಾ ಮರುಭೂಮಿಗಳ ಕಾಳ್ಗಿಚ್ಚಿನ ಬಗ್ಗೆ ಬರೆಯುವ ಕೆಲವರು ಇದೊಂದನ್ನೇ ಹಿಡಿದು, ಮೆಡಿಟರೇನಿಯನ್ ಸೀಮೆಯ ಈ ಕಳೆ ಮರುಭೂಮಿಗೆ ಕಾಲಿಟ್ಟದ್ದೇ ಆ ಬಿತ್ತನೆಯಿಂದ ಎಂದು ತೀರ್ಮಾನಿಸುತ್ತಾರೆ. ಬಿತ್ತನೆಯ ದಾಖಲೆ ಬಿತ್ತಿದವರ ಉದ್ದೇಶವನ್ನಷ್ಟೇ ಹೇಳುತ್ತದೆ. ಹುಲ್ಲು ಹೊಲದ ಬೇಲಿ ದಾಟಿತೆಂಬುದನ್ನು ಬೇರೆಯಾಗಿಯೇ ತೋರಿಸಬೇಕು; ಆ ಶ್ರಮವನ್ನು ಇವರು ತೆಗೆದುಕೊಳ್ಳುವುದಿಲ್ಲ.

ಈ ಹುಲ್ಲು ಬಂದ ದಾರಿಯ ಬಗ್ಗೆ ಸಾಲೋ ಎಂಬ ಸಂಶೋಧಕರು ಬರೆದ 2005ರ ಲೇಖನಕ್ಕೆ ಸಿಗಬೇಕಾದ ಗಮನ ಇನ್ನೂ ಸಿಕ್ಕಿಲ್ಲವೆಂಬುದು ನನ್ನ ದೂರು. ಒಣಗಿಸಿಟ್ಟ ಸಸ್ಯಮಾದರಿಗಳನ್ನೂ ಆ ಕಾಲದ ಬರಹಗಳನ್ನೂ ಜೋಡಿಸಿ, ಅವರು ಮೂರು ಆರಂಭದ ದಾರಿಗಳನ್ನು ಸೂಚಿಸಿದರು: ಚಿನ್ನದ ಬೇಟೆಯ ಕಾಲದ ಸಂಚಾರ ಮತ್ತು ಮಧ್ಯ ಕಣಿವೆಯ ಗೋಧಿ, ದಕ್ಷಿಣ ಕ್ಯಾಲಿಫೋರ್ನಿಯಾದ ಹಡಗು ವ್ಯಾಪಾರ, ಉತ್ತರದ ಕುರಿಮಂದೆ. ಮೂರೂ ಕ್ಯಾಲಿಫೋರ್ನಿಯಾದವು. ಟೂಸಾನ್ ಸುತ್ತಿನ ಗಿಡಗಳಲ್ಲಿ ಬಿತ್ತನೆಯ ಬೀಜದ ಪಾಲಿರಬಹುದು (ತಳಿಶಾಸ್ತ್ರದ ಹೋಲಿಕೆಯಿಂದ ಪರೀಕ್ಷಿಸಬೇಕಾದ ಮಾತಿದು), ಆದರೆ ಇಡೀ ಮರುಭೂಮಿಯ ಹೊಣೆಯನ್ನು ಅದರ ತಲೆಗೆ ಕಟ್ಟಲಾಗದು.

ನಿಜವಾದ ತೊಡಕು ಮಾದರಿಗಳಲ್ಲಿದೆ. ಮಾದರಿ ಅಂಟಿಸಿದ ಹಾಳೆಯ ಮೇಲಿನ ವರ್ಷ ಗಿಡ ಬಂದ ವರ್ಷವಲ್ಲ. ಅಷ್ಟರೊಳಗೆ ಬಂದಿತ್ತು ಎಂಬುದಕ್ಕಷ್ಟೇ ಸಾಕ್ಷಿ. ಸಂಗ್ರಹಕಾರರು ದಾರಿಯಿದ್ದಲ್ಲಿಗೆ ಹೆಚ್ಚು ಹೋಗುತ್ತಾರೆ. ಹೊಸ ಜಾಗಗಳಿಗೆ ಈ ಹುಲ್ಲು ಅತಿ ವೇಗವಾಗಿ ಹಬ್ಬಿದ್ದು 1930ರಿಂದ 1942ರ ನಡುವೆ ಎಂದು ಸಾಲೋ ಹೇಳುವಾಗ, ಹಬ್ಬಿದ್ದು ಹುಲ್ಲೋ ಸಂಗ್ರಹಕಾರರ ಓಡಾಟವೋ ಎಂದು ಕೇಳಲೇಬೇಕು. ಅದೇ ವರ್ಷಗಳಲ್ಲಿ, ಅದೇ ಪ್ರದೇಶದಲ್ಲಿ ಸಂಗ್ರಹವಾದ ಸ್ಥಳೀಯ ಹುಲ್ಲುಗಳ ಹಾಳೆಗಳೊಂದಿಗೆ ಹೋಲಿಸುವುದು ಇದಕ್ಕೆ ಸರಿಯಾದ ಪರೀಕ್ಷೆ. ಬ್ರೋಮ್‌ನ ಪ್ರಮಾಣ ಮಾತ್ರ ಏರಿದ್ದರೆ ಅವರ ಮಾತು ನಿಲ್ಲುತ್ತದೆ.

ನಿಲ್ಲುತ್ತದೆಂದೇ ನನ್ನ ನಂಬಿಕೆ. ಕಾರಣ ಆ ಕಾಲದ ಮಳೆ ಮತ್ತು ಗಿಡದ ಸ್ವಭಾವ. ಆ ಅವಧಿ ಪೆಸಿಫಿಕ್ ಸಾಗರದ ತಾಪಮಾನದ ದಶಕಗಳ ಏರಿಳಿತದಲ್ಲಿ ಬೆಚ್ಚಗಿನ ಘಟ್ಟ. ಇಂಥ ಘಟ್ಟದಲ್ಲಿ ನೈಋತ್ಯ ಅಮೆರಿಕದಲ್ಲಿ ಚಳಿಗಾಲದ ಮಳೆ ಹೆಚ್ಚುತ್ತದೆ. ಕೆಂಪು ಬ್ರೋಮ್ ಚಳಿಗಾಲದ ಮಳೆಗೆ ಮೊಳೆತು, ವಸಂತದಲ್ಲಿ ಬೀಜ ಉದುರಿಸಿ ಒಣಗುವ ಒಂದು ವರ್ಷದ ಹುಲ್ಲು. ಬಹುಪಾಲು ಬೀಜ ಮೊದಲ ಒಳ್ಳೆಯ ಮಳೆಗೇ ಮೊಳೆಯುತ್ತದೆ. ಮರುಭೂಮಿಯ ಮೂಲ ವಾರ್ಷಿಕ ಸಸ್ಯಗಳಂತೆ ಮುಂದಿನ ವರ್ಷಗಳಿಗೆಂದು ಮಣ್ಣಿನಲ್ಲಿ ಬೀಜ ಉಳಿಸಿಕೊಳ್ಳುವ ಗುಣ ಇದಕ್ಕೆ ಕಡಿಮೆ. ಆಮೇಲೆ ಮಳೆ ಕೈಕೊಟ್ಟರೆ ಸಂತತಿಯೇ ಕುಸಿಯುತ್ತದೆ. ಇಂಥ ಗಿಡದ ಚರಿತ್ರೆಯನ್ನು ಬಿತ್ತಿದ ವರ್ಷದಿಂದಲ್ಲ, ಮಳೆಯ ವರ್ಷಗಳ ಸಾಲಿನಿಂದ ಓದಬೇಕು.

ಇದು ಪಂಡಿತರ ಜಗಳವಷ್ಟೇ ಅಲ್ಲ. ಪೊದೆಗಳ ನಡುವಿನ ಬರಿನೆಲವನ್ನು ಒಣಹುಲ್ಲು ತುಂಬಿದಾಗ, ಬೆಂಕಿಗೆ ಒಗ್ಗದ ಸಗ್ವಾರೊ ಕಳ್ಳಿಗೂ ಜೋಶುವಾ ಮರಕ್ಕೂ ಉರಿ ತಲುಪುತ್ತದೆ. ಹಳೆಯ ಬಿತ್ತನೆಯನ್ನು ದೂರಿದರೆ ಇಂದು ಮಾಡಬೇಕಾದದ್ದೇನೂ ತೋಚದು. ಮಳೆಯ ಲೆಕ್ಕ ಹಿಡಿದರೆ ತೋಚುತ್ತದೆ: ಬರಗಾಲದ ಮರುವರ್ಷ, ಬೀಜ ತೀರ ಕಡಿಮೆ ಇರುವಾಗಲೇ, ಉಳಿದ ಹುಲ್ಲನ್ನು ತೆನೆಗಟ್ಟುವ ಮೊದಲು ಕೀಳಬೇಕು.