ಕೆರೆಯ ಕಾವಲೂ ಕಟ್ಟುಕೊಡಗೆಯೂ

ನಗರಾಡಳಿತಗಳು ಸಾರ್ವಜನಿಕ ಈಜುಕೊಳಗಳನ್ನು ತಾವೇ ನಡೆಸದೆ, ನಿಯತ ಅವಧಿಗೆ ಖಾಸಗಿ ಗುತ್ತಿಗೆದಾರರಿಗೆ ವಹಿಸಿಕೊಡುವುದು ಈಗ ಪರಿಚಿತವಾದ ಪದ್ಧತಿ. ಕೊಳದ ಒಡೆತನ ಸಾರ್ವಜನಿಕರದು. ನೀರನ್ನು ಶುಚಿಯಾಗಿಡುವ ಹೊಣೆ ಗುತ್ತಿಗೆದಾರನದು. ಪ್ರವೇಶಶುಲ್ಕವೇ ಅವನ ಪ್ರತಿಫಲ. ಇದು ಆಧುನಿಕ ಆಡಳಿತದ ಹೊಸ ಕಲ್ಪನೆಯೆಂದು ತೋರುವುದು ಸಹಜ. ಆದರೆ ಎಲ್ಲರಿಗೂ ಸೇರಿದ ನೀರನ್ನು ಕರಾರಿನ ಮೇಲೆ ಕೆಲವರ ಪಾಲನೆಗೆ ಒಪ್ಪಿಸುವ ಕ್ರಮಕ್ಕೆ ಕನ್ನಡನಾಡಿನಲ್ಲಿ ಸಾವಿರ ವರ್ಷಕ್ಕೂ ಮಿಕ್ಕ ಇತಿಹಾಸವುಂಟು. ಅದನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

ಈ ವಿಚಾರಕ್ಕೆ ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯ ಪರಿಸರ ಉಚಿತವಾದ ನೆಲೆಯಾಗಿದೆ. ಊರಿನ ಹೆಸರೇ ಕೆರೆಯಿಂದ ಮೊದಲಾಗುತ್ತದೆ. ಸಮೀಪದಲ್ಲಿಯೇ ಸೂಳೆಕೆರೆ ಹರಡಿಕೊಂಡಿದೆ. ಎರಡು ಗುಡ್ಡಗಳ ನಡುವಣ ಕಣಿವೆಯಲ್ಲಿ ಹರಿದ್ರಾ ಹಳ್ಳಕ್ಕೆ ಅಡ್ಡವಾಗಿ ಏರಿಯನ್ನು ಕಟ್ಟಿ ನಿರ್ಮಿಸಿದ ಈ ಕೆರೆಯ ವಿಸ್ತೀರ್ಣ ಸುಮಾರು 6,550 ಎಕರೆ. ಸಿದ್ಧನಾಲೆ, ಬಸವನಾಲೆ ಎಂಬ ಎರಡು ಕಾಲುವೆಗಳು ಇದರ ನೀರನ್ನು ಗದ್ದೆ ತೋಟಗಳಿಗೆ ಒಯ್ಯುತ್ತವೆ. ಶಾಂತವ್ವೆ ಎಂಬ ರಾಜಪುತ್ರಿ ಕೆರೆಯನ್ನು ಕಟ್ಟಿಸಲು ಹೊರಟಾಗ, ಅಲ್ಲಿ ನೆಲೆಸಿದ್ದ ಸೂಳೆಯರು ತಮ್ಮ ಹೆಸರನ್ನೇ ಕೆರೆಗೆ ಇಡಬೇಕೆಂಬ ಕರಾರಿನ ಮೇಲೆ ಸ್ಥಳವನ್ನು ಬಿಟ್ಟುಕೊಟ್ಟರೆಂಬುದು ಐತಿಹ್ಯ. ಶಾಂತಿಸಾಗರವೆಂಬ ಹೆಸರು ಬಳಕೆಗೆ ಬಂದಿದ್ದರೂ ಜನರು ಆ ಹಳೆಯ ಕರಾರನ್ನು ಇನ್ನೂ ಮುರಿದಿಲ್ಲ. ಐತಿಹ್ಯವನ್ನು ನಾವು ಚರಿತ್ರೆಯೆಂದು ಗ್ರಹಿಸಬೇಕಾಗಿಲ್ಲ. ಆದರೂ ಕೆರೆಯೆಂದರೆ ಪರಸ್ಪರ ಒಪ್ಪಂದದಿಂದ ಉಂಟಾದ ವಸ್ತುವೆಂಬ ಭಾವನೆ ಜನಮನದಲ್ಲಿ ಎಷ್ಟು ಬೇರೂರಿತ್ತೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಶಾಸನಗಳು ಈ ಒಪ್ಪಂದಗಳ ಸ್ವರೂಪವನ್ನು ಸ್ಪಷ್ಟಪಡಿಸುತ್ತವೆ. ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳಲ್ಲಿ ಕೆರೆಗಳಿಗೆ ಸಂಬಂಧಿಸಿದ ದತ್ತಿಗಳು ಹೇರಳವಾಗಿವೆ. ಇವುಗಳಲ್ಲಿ ಮೂರು ಪದಗಳು ಗಮನಾರ್ಹವಾದುವು. ಕೆರೆಯ ರಕ್ಷಣೆಗಾಗಿ ಅದರ ನೀರಾವರಿಯ ಭೂಮಿಯಲ್ಲಿಯೋ ಹುಟ್ಟುವಳಿಯಲ್ಲಿಯೋ ಬಿಟ್ಟ ಪಾಲು ಬಿತ್ತುವಟ್ಟ. ಗಂಗರ ಕಾಲದಿಂದಲೂ ಇದು ಕಾಣಬರುತ್ತದೆ. ಕೆರೆಯನ್ನು ಕಟ್ಟಿದವನಿಗೆ ಅಥವಾ ದುರಸ್ತು ಮಾಡಿ ಕಾಪಾಡುವವನಿಗೆ ಕಂದಾಯವಿಲ್ಲದೆ ಇಲ್ಲವೆ ಅಲ್ಪ ಕಂದಾಯಕ್ಕೆ ಕೊಟ್ಟ ಭೂಮಿ ಕಟ್ಟುಕೊಡಗೆ. ದಶವಂದವೆಂಬುದು ಇಂಥದೇ ಸೇವೆಗಾಗಿ ಸಲ್ಲುತ್ತಿದ್ದ, ಹತ್ತನೆಯ ಒಂದು ಪಾಲಿನ ಲೆಕ್ಕದಲ್ಲಿ ನಿಂತ ಹಕ್ಕು. ಇವಲ್ಲದೆ ಹೂಳು ತೆಗೆಯುವ ಬಂಡಿಯನ್ನು ನಡೆಸುವುದಕ್ಕಾಗಿಯೇ ಬಿಟ್ಟ ದತ್ತಿಗಳೂ ಉಂಟು.

ಕೆರೆಯನ್ನು ಕಟ್ಟುವುದಕ್ಕಿಂತ ಕಾಯುವುದು ದೀರ್ಘವಾದ ಕಾರ್ಯವೆಂಬ ಅರಿವು ಈ ದತ್ತಿಗಳಲ್ಲಿ ಅಡಗಿದೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಆಂಧ್ರದೇಶದಲ್ಲಿ ಕಟ್ಟಿಸಿದ ಕೆರೆಯನ್ನು ಕುರಿತ 1369ರ ಪೋರುಮಾಮಿಳ್ಳ ಶಾಸನದಂತೆ, ದಿನವೂ ಸಾವಿರ ಆಳುಗಳೂ ನೂರು ಬಂಡಿಗಳೂ ದುಡಿದು ಎರಡು ವರ್ಷಗಳಲ್ಲಿ ಆ ಕೆಲಸ ಮುಗಿಯಿತು. ಕಟ್ಟುವುದಕ್ಕೆ ಎರಡು ವರ್ಷ ಸಾಕಾಯಿತು. ಹೂಳು ತೆಗೆದು, ಏರಿಯ ಬಿರುಕು ಮುಚ್ಚಿ, ತೂಬನ್ನು ಸರಿಯಾಗಿಡುವುದಕ್ಕೆ ತಲೆಮಾರುಗಳು ಬೇಕು. ಆದುದರಿಂದಲೇ ಕೂಲಿಗೆ ಬದಲು ಭೂಮಿಯನ್ನು ಕೊಡುತ್ತಿದ್ದರು. ಭೂಮಿ ಸಾಮಾನ್ಯವಾಗಿ ಆ ಕೆರೆಯ ಕೆಳಗೇ ಇರುತ್ತಿದ್ದಿತು. ಏರಿ ಒಡೆದರೆ ಊರಿನ ಗದ್ದೆಯೊಡನೆ ಕಾವಲುಗಾರನ ಗದ್ದೆಯೂ ಒಣಗುವುದು. ನಮ್ಮ ದೃಷ್ಟಿಯಲ್ಲಿ ಈ ವ್ಯವಸ್ಥೆಯ ತಿರುಳೇ ಇದು: ಪ್ರತಿಫಲವು ನೀರಿನ ಸ್ಥಿತಿಗೆ ನೇರವಾಗಿ ಕಟ್ಟುಬಿದ್ದಿತ್ತು.

ಆದರೆ ಈ ವ್ಯವಸ್ಥೆಯನ್ನು ನಿರ್ದುಷ್ಟವೆನ್ನಲಾಗದು. ದತ್ತಿ ವಂಶಪಾರಂಪರ್ಯವಾದಂತೆ ಹಕ್ಕು ಉಳಿದು ಹೊಣೆ ಮರೆಯಾಗುವ ಅಪಾಯವಿತ್ತು. ದತ್ತಿಯನ್ನು ಕೆಡಿಸಿದವನಿಗೆ ಘೋರಪಾಪವನ್ನು ಹೇಳುವ ಶಾಪಾಶಯಗಳು ದತ್ತಿಯ ಅಪಹರಣವನ್ನು ತಡೆಯಲು ಉದ್ದೇಶಿಸಿದುವು. ದತ್ತಿಯನ್ನು ಉಂಡು ಕೆಲಸ ಮಾಡದವನನ್ನು ಹಿಡಿಯಲು ಶಾಪವೊಂದೇ ಸಾಲದು, ಊರಿನ ಕಣ್ಣು ಬೇಕು. ಮೈಸೂರು ಸಂಸ್ಥಾನವು 1911ರ ಕೆರೆ ಪಂಚಾಯಿತಿ ಕಾನೂನಿನ ಮೂಲಕ ಗ್ರಾಮಸ್ಥರನ್ನು ಮತ್ತೆ ಈ ಹೊಣೆಗೆ ತರಲು ಯತ್ನಿಸಿತು. 2000ದಲ್ಲಿ ಸ್ಥಾಪಿತವಾದ ಜಲಸಂವರ್ಧನೆ ಯೋಜನಾ ಸಂಘವು ಕೆರೆ ಬಳಕೆದಾರರ ಸಂಘಗಳ ಮೂಲಕ ಹಿಡಿದ ದಾರಿಯೂ ಇದೇ.

ಈಗ ಈಜುಕೊಳದ ಗುತ್ತಿಗೆಯನ್ನು ಇದರೊಡನೆ ಹೋಲಿಸಬಹುದು. ಗುತ್ತಿಗೆದಾರನ ಆದಾಯ ಈಜಲು ಬರುವವರ ಸಂಖ್ಯೆಯನ್ನು ಅವಲಂಬಿಸಿದೆಯೇ ಹೊರತು ನೀರಿನ ಶುದ್ಧಿಯನ್ನಲ್ಲ. ಸೋಸುವ ಯಂತ್ರ, ಕ್ಲೋರಿನ್, ಜೀವರಕ್ಷಕರ ಸಂಬಳ ಇವೆಲ್ಲ ಅವನಿಗೆ ಖರ್ಚಿನ ಬಾಬುಗಳು. ಅವಧಿ ಮುಗಿದ ಮೇಲೆ ಕೊಳದ ಗತಿಯೇನೆಂಬ ಚಿಂತೆ ಅವನನ್ನು ಬಾಧಿಸುವುದಿಲ್ಲ. ಹೆಚ್ಚು ಹಣ ಕೊಡುವವನಿಗೇ ಗುತ್ತಿಗೆಯೆಂದಾದರೆ ಆ ಹಣವನ್ನು ಅವನು ಶುಲ್ಕದಿಂದಲೋ ಪಾಲನೆಯ ಖರ್ಚಿನಿಂದಲೋ ಹಿಂದಕ್ಕೆ ಪಡೆಯಬೇಕಾಗುತ್ತದೆ. ಮೊದಲನೆಯದರಿಂದ ಬಡ ಬಾಲಕರು ಕೊಳದಿಂದ ದೂರವಾಗುತ್ತಾರೆ. ಎರಡನೆಯದರಿಂದ ಒಳಗಿರುವವರ ಆರೋಗ್ಯಕ್ಕೂ ಪ್ರಾಣಕ್ಕೂ ಅಪಾಯ.

ಆದುದರಿಂದ ಪಾಲಕನು ಸರ್ಕಾರವೋ ಖಾಸಗಿಯವನೋ ಎಂಬುದು ಮುಖ್ಯಪ್ರಶ್ನೆಯಲ್ಲ. ನೀರು ಕೆಟ್ಟರೆ ಅವನಿಗೂ ನಷ್ಟವಾಗುವಂತೆ ಕರಾರು ಇದೆಯೇ, ಅದನ್ನು ಪರೀಕ್ಷಿಸುವ ಅಧಿಕಾರ ಬಳಸುವವರಿಗೆ ಇದೆಯೇ ಎಂಬ ಎರಡು ಪ್ರಶ್ನೆಗಳೇ ಮುಖ್ಯ. ಮೊದಲನೆಯದಕ್ಕೆ ಕಟ್ಟುಕೊಡಗೆ ಉತ್ತರ ಕೊಟ್ಟಿತು. ಎರಡನೆಯದಕ್ಕೆ ಪೂರ್ಣವಾದ ಉತ್ತರ ಇನ್ನೂ ದೊರೆಯಬೇಕಾಗಿದೆ.