ಗೊಮ್ಮಟಸಾರದ ಇಪ್ಪತ್ತೊಂಬತ್ತು ಅಂಕಗಳು

ಶ್ರವಣಬೆಳಗೊಳದಲ್ಲಿ ಭಗವಾನ್ ಬಾಹುಬಲಿಯ ಮೂರ್ತಿಯನ್ನು ನಿಲ್ಲಿಸಿದ ಗಂಗಮಂತ್ರಿ ಚಾವುಂಡರಾಯನನ್ನು ಅರಿಯದ ಶ್ರಾವಕರಿಲ್ಲ. ಆತನ ಗುರುಗಳಾದ ಸಿದ್ಧಾಂತಚಕ್ರವರ್ತಿ ನೇಮಿಚಂದ್ರಾಚಾರ್ಯರ ಗೊಮ್ಮಟಸಾರವೂ ಸುಪ್ರಸಿದ್ಧವಾದುದು. ಅದರ ಜೀವಕಾಂಡದಲ್ಲಿ ಪರ್ಯಾಪ್ತ ಮನುಷ್ಯರ ಪ್ರಮಾಣವನ್ನು ಹೇಳುವ ಮಹಾಸಂಖ್ಯೆಯೊಂದಿದೆ:

79228162514264337593543950336

ಮೇಲ್ನೋಟಕ್ಕೆ ಇದು ಅಂಕಗಳ ಅರಣ್ಯ. ಆದರೆ ಇದರ ಹುಟ್ಟು ಅತಿ ಸರಳವಾದುದು. 2ರ ವರ್ಗ 4. ಅದರ ವರ್ಗ 16. ಅದರ ವರ್ಗ 256. ನಾಲ್ಕನೆಯ ವರ್ಗ 65536. ಮೊದಲಲ್ಲಿ ಅರವತ್ತೈದು ಇರುವುದರಿಂದ ಪ್ರಾಕೃತದಲ್ಲಿ ಇದಕ್ಕೆ ‘ಪಣ್ಣಟ್ಠಿ’ ಎಂದು ಹೆಸರು. ಐದನೆಯ ವರ್ಗ 4294967296. ಮೊದಲಲ್ಲಿ ನಲವತ್ತೆರಡು ಇರುವುದರಿಂದ ‘ಬಾದಾಲ’. ಈ ಬಾದಾಲದ ಘನವೇ ಮೇಲಿನ ರಾಶಿ. ಐದನೆಯ ವರ್ಗವನ್ನು ಆರನೆಯದರಿಂದ ಗುಣಿಸಿದರೂ ಫಲವೊಂದೇ.

ಒಂದು ರಾಶಿಯನ್ನು ಎಷ್ಟು ಬಾರಿ ಅರ್ಧಿಸಿದರೆ 1 ಉಳಿಯುವುದೋ ಆ ಎಣಿಕೆಗೆ ನಮ್ಮ ಆಚಾರ್ಯರು ‘ಅರ್ಧಚ್ಛೇದ’ವೆಂದರು. ವೀರಸೇನಾಚಾರ್ಯರ ಧವಲಾ ಟೀಕೆಯಲ್ಲಿಯೂ ಇದರ ವಿಚಾರ ವಿಸ್ತಾರವಾಗಿ ಬಂದಿದೆ. ಪ್ರಸ್ತುತ ರಾಶಿಯ ಅರ್ಧಚ್ಛೇದಗಳು 96. 1ನ್ನು ಬಿಟ್ಟರೆ ಬೇರಾವ ಬೆಸಸಂಖ್ಯೆಯೂ ಇದನ್ನು ಶೇಷವಿಲ್ಲದೆ ಭಾಗಿಸಲಾರದು. ಇದು 281474976710656ರ ವರ್ಗವೂ ಹೌದು.

ಇಷ್ಟು ದೊಡ್ಡ ರಾಶಿಯನ್ನು ಅಸಂಖ್ಯಾತವೆಂದು ಭ್ರಮಿಸುವುದು ಸಹಜ. ಆಗಮದ ಗಣನೆ ಹಾಗಲ್ಲ. ಸಂಖ್ಯಾತದಲ್ಲಿ ಜಘನ್ಯ, ಮಧ್ಯಮ, ಉತ್ಕೃಷ್ಟವೆಂದು ಮೂರು ಭೇದ, ಅಸಂಖ್ಯಾತದಲ್ಲಿ ಒಂಬತ್ತು, ಅನಂತದಲ್ಲಿ ಒಂಬತ್ತು, ಹೀಗೆ ಒಟ್ಟು ಇಪ್ಪತ್ತೊಂದು. ಜಘನ್ಯ ಸಂಖ್ಯಾತವು 2. ಇಪ್ಪತ್ತೊಂಬತ್ತು ಅಂಕಗಳ ಈ ರಾಶಿಯು ಕೇವಲ ಮಧ್ಯಮ ಸಂಖ್ಯಾತದೊಳಗಿನದು. ಅಸಂಖ್ಯಾತದ ಬಾಗಿಲನ್ನೂ ಅದು ಮುಟ್ಟಿಲ್ಲ.

ಓಲೆಗರಿಯ ಕಾಲದಲ್ಲಿ ಇದನ್ನು ಉಳಿಸಿಕೊಂಡ ಬಗೆ ಇನ್ನೂ ಸ್ವಾರಸ್ಯಕರ. ವ್ಯಾಪಾರದ ಲೆಕ್ಕದಲ್ಲಿ ಒಂದು ಸೊನ್ನೆ ತಪ್ಪಿದರೆ ಮನೆತನವೇ ಮುಳುಗೀತು. ಶಾಸ್ತ್ರದಲ್ಲಿ ಒಂದಂಕ ತಪ್ಪಿದರೆ ಮುಂದಿನ ಪ್ರತಿಗಳೆಲ್ಲವೂ ತಪ್ಪುವುವು. ಆದುದರಿಂದ ಈ ರಾಶಿಯನ್ನು ಕಟಪಯಾದಿ ಕ್ರಮದಿಂದ ಒಂದೇ ಗಾಹೆಯ ಅಕ್ಷರಗಳಲ್ಲಿ ಅಡಗಿಸಲಾಗಿದೆ. ತಕಾರಕ್ಕೆ 6, ಲಕಾರಕ್ಕೆ 3, ನಕಾರಕ್ಕೆ 0. ಬಿಡಿಸ್ಥಾನದಿಂದ ಮೊದಲುಗೊಂಡು ಎಡಕ್ಕೆ ಬರೆಯುತ್ತ ಹೋಗಬೇಕು. ಗಾಹೆಯನ್ನು ಕಂಠಪಾಠ ಮಾಡಿದವನಿಗೆ ಸಂಖ್ಯೆ ಮರೆಯದು. ಲಿಪಿಕಾರನ ಕೈತಪ್ಪಿನ ಸಂದೇಹ ಬಂದರೆ ತೊಂಬತ್ತಾರು ಬಾರಿ ಅರ್ಧಿಸಿ ನೋಡಬಹುದು. ಕೊನೆಗೆ 1 ಉಳಿಯದಿದ್ದರೆ ಪ್ರತಿ ಅಶುದ್ಧ. ಹೀಗೆ ಛಂದಸ್ಸು ಸಂಖ್ಯೆಯನ್ನೂ ಗಣಿತವು ಛಂದಸ್ಸನ್ನೂ ಕಾಯ್ದವು. 1359ರಲ್ಲಿ ಕೇಶವವರ್ಣಿಯು ಗೊಮ್ಮಟಸಾರಕ್ಕೆ ಕನ್ನಡದಲ್ಲಿಯೇ ವೃತ್ತಿಯನ್ನು ರಚಿಸಿ ಈ ಜ್ಞಾನವನ್ನು ನಾಡಿನವರ ಕೈಗೆ ನಿಲುಕಿಸಿದನು.

ಪೂರ್ವಾಚಾರ್ಯರು ‘ಲೆಕ್ಕವಿಲ್ಲದಷ್ಟು’ ಎಂದು ಹೇಳಿ ಕೈತೊಳೆದುಕೊಳ್ಳಲಿಲ್ಲ. ಎಣಿಸಬಹುದಾದುದನ್ನು ಕೊನೆಯ ಅಂಕದವರೆಗೂ ಎಣಿಸಿ, ಎಣಿಕೆಗೆ ಮೀರಿದುದನ್ನು ಬೇರೆಯಾಗಿಯೇ ಇರಿಸಿದರು. ಬಸದಿಯ ಶಿಲೆಗೆ ಪ್ರತಿಷ್ಠೆಯಾಗುವ ಶುಭದಿನದಲ್ಲಿ ಶ್ರುತಕ್ಕೂ ಮನೆಮನೆಯಲ್ಲಿ ಪ್ರತಿಷ್ಠೆಯಾಗಬೇಕು. ಶ್ರುತಪಂಚಮಿಯಂದು ಗ್ರಂಥಕ್ಕೆ ಅರ್ಘ್ಯವನ್ನು ಎತ್ತುವ ಕೈಗಳು ಅದನ್ನು ತೆರೆದು, ಮಕ್ಕಳಿಂದ ಈ ಒಂದು ರಾಶಿಯನ್ನಾದರೂ ಅರ್ಧಿಸಿ ನೋಡಿಸಿದರೆ ಜಿನವಾಣಿಯ ಸೇವೆ ಸಾರ್ಥಕವಾದೀತು.